ಕುರ್ಚಿ ಕಂಡರೆ ಕೈ ಮುಗಿಯುವವರ ಅರ್ಜಿ

ನಮ್ಮೂರಿನಲ್ಲಿ ಅಪ್ಪ ಸೀನಿದರೆ ಮಗನೂ ಸೀನುತ್ತಾನೆ. ಇದರಲ್ಲಿ ಆಶ್ಚರ್ಯಪಡುವಂಥದ್ದೇನೂ ನಮಗೆ ಕಾಣುವುದಿಲ್ಲ. ಗಾಣದ ಬೀದಿಯ ಮುದುಕರೊಬ್ಬರು ಎಪ್ಪತ್ತನೇ ವಯಸ್ಸಿನಲ್ಲಿ ನಶ್ಯ ಶುರುಮಾಡಿದರು. ಅವರ ನಾಲ್ಕು ಮಕ್ಕಳು, ಹನ್ನೊಂದು ಮೊಮ್ಮಕ್ಕಳು ದಿನಾ ಸಂಜೆ ನಾಲ್ಕಕ್ಕೆ ಇದ್ದಲ್ಲೇ ಸೀನತೊಡಗಿದರು. ಅವರಲ್ಲೊಬ್ಬ ಬಸ್ಸಿನ ಡ್ರೈವರ್ ಆಗಿದ್ದರಿಂದ ನಾಲ್ಕು ಗಂಟೆಯ ಬಸ್ಸು ನಾಲ್ಕೂ ಹತ್ತಕ್ಕೆ ಹೊರಡುವಂತಾಯಿತು. ಅಷ್ಟೆ. ಹೆಣ್ಣು ನೋಡಲು ಹೋದವರು ಹುಡುಗಿಯನ್ನು ಆಮೇಲೆ ನೋಡುತ್ತಾರೆ. ಮೊದಲು ಅವಳ ತಾಯಿ ಹೇಗೆ ಆಕಳಿಸುತ್ತಾಳೆ ಎಂದು ನೋಡುತ್ತಾರೆ. ಹಿರಿಯರು ಒಂದು ಚಟ ಬಿಟ್ಟರೆ ಕೆಳಗಿನವರೆಲ್ಲ ಬಿಡುತ್ತಾರೆ, ಹಿಡಿದರೆ ಎಲ್ಲರೂ ಹಿಡಿಯುತ್ತಾರೆ. ಬೇಡ ಅನ್ನಿಸಿದವರು ತಿದ್ದುಪಡಿ ಕಚೇರಿಗೆ ಹೋಗಿ, ಅಲ್ಲಿರುವ ಕೆಂಪು ವಹಿಯಲ್ಲಿ ‘ಇಂಥ ವಿಷಯದಲ್ಲಿ ಈತ ತನ್ನದೇ ರೀತಿ ನಡೆಯತಕ್ಕದ್ದು’ ಎಂದು ಬರೆಸಿ ಮೊಹರು ಹಾಕಿಸಿಕೊಂಡು ಬರಬೇಕು. ಮೊಹರಿನ ಮಸಿ ಒಣಗುವಷ್ಟರಲ್ಲಿ ಅವನು ಅದೊಂದು ವಿಷಯದಲ್ಲಿ ಸ್ವತಂತ್ರ. ಅವನ ಮಕ್ಕಳೂ ಸ್ವತಂತ್ರರು.

ನಮ್ಮ ಕೆಳಗೇರಿಯ ನಲವತ್ತು ಮನೆಗಳಿಗೆ ಬಂದಿರುವುದು ಸೀನಲ್ಲ, ಆಕಳಿಕೆಯಲ್ಲ. ನಾವು ಕುರ್ಚಿಯ ಮೇಲೆ ಕೂತವರನ್ನು ಕಂಡರೆ ಕೈ ಮುಗಿಯುತ್ತೇವೆ. ಸ್ಟೂಲಿಗೆ ಮುಗಿಯುವುದಿಲ್ಲ, ಬೆಂಚಿಗೆ ಮುಗಿಯುವುದಿಲ್ಲ, ಖಾಲಿ ಕುರ್ಚಿಗೂ ಇಲ್ಲ. ಬೆನ್ನಿಗೆ ಆಸರೆಯಿರುವ ಕುರ್ಚಿ, ಅದರ ಮೇಲೊಬ್ಬ ಮನುಷ್ಯ, ಇಷ್ಟು ಕಣ್ಣಂಚಿಗೆ ಬಿದ್ದರೆ ಸಾಕು; ಕೈಯಲ್ಲಿ ಬಿಂದಿಗೆ ಇರಲಿ, ಹಾವಿರಲಿ, ಅದನ್ನು ಬಿಟ್ಟು ಎರಡು ಕೈಗಳೂ ಕೂಡಿಕೊಳ್ಳುತ್ತವೆ. ಕಾಣುತ್ತಿರುವಷ್ಟು ಹೊತ್ತೂ ಬಿಡುವುದಿಲ್ಲ. ಕಟಿಂಗ್ ಶಾಪಿನಲ್ಲಿ ನಾವು ಕನ್ನಡಿಯಲ್ಲಿ ನಮಗೆ ನಾವೇ ಕೈ ಮುಗಿದುಕೊಂಡು ಕೂರುತ್ತೇವೆ. ನಾನು ಏಳನೇ ತರಗತಿಯವರೆಗೆ ಓದಿದ್ದು ನಿಂತು ಪಾಠ ಹೇಳುವ ಮೇಷ್ಟರೊಬ್ಬರ ದಯದಿಂದ. ಎಂಟನೆಯದಕ್ಕೆ ಬಂದವರು ಕೂತು ಹೇಳುವವರು. ಪರೀಕ್ಷೆಯ ದಿನ ಅವರು ನಮ್ಮೆದುರಿಗೇ ಕುರ್ಚಿ ಹಾಕಿಕೊಂಡರು. ಪೆನ್ನು ಬಿತ್ತು. ಎತ್ತಿಕೊಂಡೆ, ಮತ್ತೆ ಬಿತ್ತು. ಕಣ್ಣು ಮುಚ್ಚಿದರೆ ಕೈ ಬಿಡುತ್ತವೆ, ನಿಜ. ಕಣ್ಣು ಮುಚ್ಚಿಕೊಂಡು ರೇಖಾಗಣಿತ ಬರೆಯುವವನು ಯಾವನು? ಮೂರು ಗಂಟೆ ಕೈ ಮುಗಿದು ಕೂತಿದ್ದು ಎದ್ದು ಬಂದೆ. ಮತ್ತೆ ಆ ಕಡೆ ಹೋಗಲಿಲ್ಲ. ‘ಹಾಲಪ್ಪ ವಿನಯವಂತ’ ಎಂದು ಆ ಮೇಷ್ಟರು ವರ್ಗಾವಣೆ ಪತ್ರದಲ್ಲಿ ಬರೆದುಕೊಟ್ಟರು. ಅದನ್ನು ಅಲ್ಲೇ ಹರಿದೆ.

ನಮ್ಮ ಪುರಸಭೆಯ ಅಧ್ಯಕ್ಷರು ಚಂದ್ರಮೌಳಿಯವರು. ಮೇಲಿನ ಬೀದಿಯ ದೊಡ್ಡ ಮನೆ. ಅವರ ಜೀಪಿನ ಹಿಂದೆ ಯಾವಾಗಲೂ ಒಂದು ಪ್ಲಾಸ್ಟಿಕ್ ಕುರ್ಚಿ ಇರುತ್ತದೆ. ಕೆಳಗೇರಿಗೆ ಬಂದರೆ ಮೊದಲು ಇಳಿಯುವುದು ಕುರ್ಚಿ, ಆಮೇಲೆ ಅವರು. ಚರಂಡಿಯ ಪಕ್ಕ ಅದನ್ನು ಹಾಕಿಸಿಕೊಂಡು ಕೂರುತ್ತಾರೆ. ನಲವತ್ತು ಮನೆಯವರು ಕೈಯಲ್ಲಿದ್ದುದನ್ನೆಲ್ಲ ನೆಲಕ್ಕೆ ಬಿಟ್ಟು ಕೈ ಮುಗಿಯುತ್ತಾರೆ. ಜೊತೆಗೆ ಬಂದ ಹೊರಗಿನವರಿಗೆ ಅವರು, “ನೋಡಿದಿರಾ, ಈ ಜನಕ್ಕೆ ನನ್ನ ಮೇಲೆ ಎಂಥ ಪ್ರೀತಿ!” ಎನ್ನುತ್ತಾರೆ. ಕೈ ಮುಗಿದವರು ನಲ್ಲಿಯ ನೀರು ಯಾಕೆ ಬರುತ್ತಿಲ್ಲ ಎಂದು ಕೇಳಿದರೂ ಅದು ಪ್ರಾರ್ಥನೆಯಂತೆ ಕಾಣುತ್ತದೆ. ಬೈದರಂತೂ ಸ್ತೋತ್ರದಂತೆ. ನಾನು ಬೈದು ನೋಡಿದ್ದೇನೆ. ಅವರು ನಗುತ್ತಾ, “ಹುಡುಗ ಮುಗ್ಧ” ಎಂದರು.

ಇದನ್ನೆಲ್ಲ ನಾನು ಹೇಗೋ ನುಂಗಿಕೊಂಡು ಬದುಕುತ್ತಿದ್ದೆನೇನೊ. ಆದರೆ ನನ್ನ ಹೆಂಡತಿ ಸಾವಂತ್ರಿ ಬಸುರಾದಳು. ಅವಳು ಬೇರೆ ವಂಶದವಳು, ಅವರಿಗೆ ಮೆಟ್ಟಿಲು ಎಣಿಸುವ ಅಭ್ಯಾಸವೊಂದು ಬಿಟ್ಟರೆ ತೊಂದರೆಯಿಲ್ಲ. ಏಳು ತಿಂಗಳಾದಾಗ ಸೊಂಟನೋವು ಎಂದು ಡಾಕ್ಟರು ಕುರ್ಚಿಯಲ್ಲಿ ಒರಗಿ ಕೂರಲು ಹೇಳಿದರು. ನಮ್ಮ ಮನೆಗೆ ಮೊಟ್ಟಮೊದಲು ಒಂದು ಕುರ್ಚಿ ಬಂತು. ಅವತ್ತಿನಿಂದ ನಾನು, ನಮ್ಮಪ್ಪ ಸಣ್ಣೀರಪ್ಪ ಇಬ್ಬರೂ ಅವಳೆದುರು ಕೈ ಮುಗಿದು ನಿಂತುಕೊಳ್ಳುವಂತಾಯಿತು. ಅವಳಿಗೆ ಅದು ಬಹಳ ಇಷ್ಟವಾಯಿತು. “ಇನ್ನೊಂದ್ ಕಿತ ಬಂದೋಗ್ರೀ, ಆ ಕಡೆಯಿಂದ,” ಎನ್ನುತ್ತಿದ್ದಳು. ಒಂದು ದಿನ ಮಾತ್ರ ನಗುವುದನ್ನು ನಿಲ್ಲಿಸಿ ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು, “ಇದೂವೆ ಹಿಂಗೇ ಹುಟ್ಟತದಾ?” ಎಂದು ಕೇಳಿದಳು. ಹುಟ್ಟುತ್ತದೆ. ಆಸ್ಪತ್ರೆಯಲ್ಲಿ ನಮ್ಮ ಕೇರಿಯ ಮಕ್ಕಳನ್ನು ಗುರುತು ಹಿಡಿಯುವುದೇ ಹಾಗೆ. ನರ್ಸು ಕುರ್ಚಿ ಎಳೆದುಕೊಂಡು ತೊಟ್ಟಿಲ ಪಕ್ಕ ಕೂರುತ್ತಾಳೆ. ಕೈ ಕೂಡಿಸಿದರೆ ಕೆಳಗೇರಿ, ಇಲ್ಲದಿದ್ದರೆ ಬೇರೆ. ಕಣ್ಣು ಸರಿಯಾಗಿ ಬಿಡದ ಕೂಸುಗಳು. ನನ್ನ ಮಗು ಅದನ್ನು ಮಾಡಬಾರದು ಎಂದು ತೀರ್ಮಾನಿಸಿದೆ. ಎರಡು ತಿಂಗಳು ಸಮಯವಿತ್ತು.

ತಿದ್ದುಪಡಿ ಕಚೇರಿಗೆ ನಾನು ಹೋಗಿದ್ದು ಅದು ಐದನೇ ಸಲ. ಅಲ್ಲಿನ ಗುಮಾಸ್ತೆ ಅನಸೂಯಮ್ಮ ನಾನು ಬಂದರೆ ಎದ್ದು ನಿಂತುಕೊಳ್ಳುತ್ತಿದ್ದರು, ಅರ್ಜಿ ಹಿಡಿಯಲು ನನ್ನ ಕೈ ಬಿಡುವಾಗಿರಲಿ ಎಂದು. ಊರಿನಲ್ಲಿ ಅಷ್ಟು ತಿಳಿವಳಿಕೆಯಿದ್ದ ಹೆಂಗಸು ಅವರೊಬ್ಬರೇ. ಅವರಿಗೆ ತಾಯಿಯಿಂದ ಬಂದಿದ್ದು ಕೆಟ್ಟ ಸುದ್ದಿ ಹೇಳುವಾಗ ನಗು ಬರುವ ಅಭ್ಯಾಸ. ಅರ್ಜಿ ನೋಡಿದವರೇ ಸೆರಗನ್ನು ಬಾಯಿಗೆ ಒತ್ತಿಕೊಂಡರು.

“ಎಸ್ಸೆಲ್ಸಿ ಆಗಿಲ್ವಲ್ಲೋ ಹಾಲಪ್ಪ, ಹ್ಹಿಹ್ಹಿ. ಹತ್ತನೇ ಕ್ಲಾಸ್ ಪಾಸಾಗ್ದೋರ ಅರ್ಜಿ ತಗಂಬಾರ್ದು ಅಂತ ಅಧ್ಯಕ್ಷರು ನಿಯಮ ಮಾಡವ್ರೆ.”

“ಕೈ ಮುಗೀತಾ ಕುಂತ್ರೆ ಪಾಸ್ ಆಗದೆಂಗಕ್ಕಾ? ಪಾಸ್ ಆಗ್ಬೇಕು ಅಂದ್ರೆ ಕೈ ಬಿಡ್ಬೇಕು, ಕೈ ಬಿಡ್ಬೇಕು ಅಂದ್ರೆ ಪಾಸ್ ಆಗ್ಬೇಕು. ಇದ್ಯಾವ ನ್ಯಾಯ?”

“ನಂಗೂ ಬೇಜಾರೇ ಕಣಪ್ಪ,” ಎಂದು ಅವರು ಇನ್ನೂ ಜೋರಾಗಿ ನಕ್ಕರು. ಕಣ್ಣಿನಲ್ಲಿ ನೀರಿತ್ತು.

ಆ ವಾರವೇ ಕೆಂಪು ವಹಿಗೆ ಗೆದ್ದಲು ಹಿಡಿದದ್ದು ಗೊತ್ತಾಯಿತು. ಅಕ್ಷರ ತಿಂದುಹೋದ ಕಡೆಯಲ್ಲೆಲ್ಲ ಜನ ಹಳೆಯ ಅಭ್ಯಾಸಕ್ಕೆ ಅರ್ಧರ್ಧ ಮರಳುತ್ತಿದ್ದರು. ಬಿಟ್ಟಿದ್ದ ಬೀಡಿಯನ್ನು ಹಚ್ಚದೆ ಬರಿದೇ ಕಚ್ಚಿಕೊಂಡು ತಿರುಗುವವರು ಕಂಡುಬಂದರು. ವಹಿಯನ್ನು ಪೂರ್ತಿ ಕಂಪ್ಯೂಟರಿಗೆ ಏರಿಸಿ, ಅರ್ಜಿಯನ್ನು ಇನ್ನು ಮುಂದೆ ಬ್ರೌಸರಿನಲ್ಲೇ ಹಾಕುವಂತೆ ಒಂದು ವೆಬ್ ಅಪ್ಲಿಕೇಶನ್ ಮಾಡಿಸಬೇಕೆಂದು ಪುರಸಭೆ ಠರಾವು ಮಾಡಿತು. ಅದು ಶುರುವಾದ ಗಳಿಗೆಯಿಂದ ವಹಿ ಬಂದ್, ಕಂಪ್ಯೂಟರ್ ಹೇಳಿದ್ದೇ ಸತ್ಯ. ಹೊರಗಿನಿಂದ ರೆಹನಾ ಎಂಬ ಇಂಜಿನಿಯರ್ ಬಂದರು. ಅವರ ಅಪ್ಪ ಅಲ್ಲೆಲ್ಲೋ ಸೀನಿದರೆ ಇವರು ಸೀನುತ್ತಿರಲಿಲ್ಲ. ಅದನ್ನು ನೋಡಲೆಂದೇ ಜನ ಎರಡು ದಿನ ಕಚೇರಿಯ ಕಿಟಕಿಗೆ ಮುತ್ತಿಕೊಂಡರು. ಕನ್ನಡ ಅಕ್ಷರ ಬೇಗ ಒತ್ತುವ, ಫಾರಂ ಪುಟ ಕಟ್ಟಲು ಬರುವ ಒಬ್ಬರು ಬೇಕು ಎಂದು ಅವರು ಕೇಳಿದಾಗ ಅನಸೂಯಮ್ಮ ನನ್ನ ಹೆಸರು ಹೇಳಿದರು. ನಾನು ಬಸ್ ನಿಲ್ದಾಣದ ಎದುರು ಬ್ರೌಸಿಂಗ್ ಸೆಂಟರ್ ನಡೆಸುತ್ತಿದ್ದೆ. ಗಿರಾಕಿಗಳಿಗೆ ಸ್ಟೂಲು ಮಾತ್ರ ಇರುವ ಸೆಂಟರ್. ಅಲ್ಲೇ ವಿಡಿಯೋ ನೋಡಿ ನೋಡಿ ಮದುವೆ ಛತ್ರಕ್ಕೆ, ಗೊಬ್ಬರದಂಗಡಿಗೆ ವೆಬ್‌ಸೈಟ್ ಮಾಡಿಕೊಟ್ಟಿದ್ದೆ.

ರೆಹನಾ ಮೇಡಂ ಕೂರುವುದು ತಿರುಗುವ ಕುರ್ಚಿಯಲ್ಲಿ. ಹಾಗಾಗಿ ನಾನು ಅವರಿಗೆ ಬೆನ್ನು ಹಾಕಿ ಗೋಡೆಯ ಕಡೆ ಮುಖಮಾಡಿ ಸ್ಟೂಲಿನಲ್ಲಿ ಕೂತೆ. ಗೋಡೆಯ ಮೇಲಿನ ಬಿಳಿ ಹಲಗೆಯಲ್ಲಿ ಅವರು ಮೊದಲ ದಿನ ಒಂದು ಡಬ್ಬಿ ಬರೆದರು, ಅದರ ಕೆಳಗೆ ಇನ್ನೊಂದು, ಅದರ ಕೆಳಗೆ ಮತ್ತೊಂದು; ಕೆಳಗಿನಿಂದ ಮೇಲಕ್ಕೆ ಬಾಣ.

“ಇದಕ್ಕೆ ಕ್ಲಾಸ್ ಅಂತಾರೆ ಹಾಲಪ್ಪ. ಇದು ಅಚ್ಚು ಇದ್ದ ಹಾಗೆ. ಈ ಅಚ್ಚಿನಿಂದ ತೆಗೆದ ಒಂದೊಂದೂ ಒಂದೊಂದು ಆಬ್ಜೆಕ್ಟ್. ಈಗ ಕೆಳಗಿನ ಡಬ್ಬಿಗೆ ಒಂದು ಕೆಲಸ ಮಾಡು ಅಂತ ಹೇಳ್ತೀವಿ. ಹೇಗೆ ಮಾಡಬೇಕು ಅಂತ ಅದರಲ್ಲಿ ಬರೆದಿಲ್ಲ ಅಂದ್ಕೊಳ್ಳಿ, ಆಗ…”

“ಆಗ ಅಪ್ಪನ ಡಬ್ಬಿ ನೋಡ್ತದೆ. ಅಲ್ಲೂ ಇಲ್ದಿದ್ರೆ ತಾತಂದು.”

“ಅರೆ! ಅದಕ್ಕೆ ಇನ್‌ಹೆರಿಟೆನ್ಸ್ ಅಂತ…”

“ಮಗ ತನ್ನ ಡಬ್ಬೀಲಿ ಅದೇ ಕೆಲಸಾನ ಬೇರೆ ಥರ ಬರ್ಕಂಡ್ರೆ ಅಪ್ಪಂದು ನಡ್ಯಲ್ಲ, ಮಗಂದೇ ನಡ್ಯದು. ಮೇಲಿನೋನು ಬದಲಾದ್ರೆ ಕೆಳಗೆ ಬರ್ಕಳ್ದೆ ಇರೋರೆಲ್ಲ ಬದಲಾಯ್ತಾರೆ. ಅಷ್ಟೇ ತಾನೆ ಮೇಡಂ?”

ಅವರು ಪೆನ್ನಿನ ಮುಚ್ಚಳ ಹಾಕಿದರು. “ಇದನ್ನು ಕಾಲೇಜಿನಲ್ಲಿ ನನಗೆ ಅರ್ಥ ಮಾಡಿಸೋಕೆ ಒಂದು ಸೆಮಿಸ್ಟರ್ ಬೇಕಾಯ್ತು,” ಎಂದರು. ನನಗೆ ಮೈಯೆಲ್ಲ ಉರಿಯಿತು. ಹೊರಗಿನವರು ಪುಸ್ತಕದಲ್ಲಿ ಓದಿ ಕೆಲಸ ಹಿಡಿಯುವ ವಿದ್ಯೆಯನ್ನು ನಾವು ಹುಟ್ಟಿದಾಗಿನಿಂದ ಮೈಮೇಲೆ ಹೊತ್ತು ತಿರುಗುತ್ತಿದ್ದೇವೆ, ನಮಗೆ ಅದರಿಂದ ಸಿಕ್ಕಿದ್ದು ಕೈ ಮುಗಿಯುವುದೊಂದೇ. ಆ ಉರಿಯಲ್ಲೇ ಕಲಿತೆ. ವಂಶಕ್ಕೊಂದು ಕ್ಲಾಸು, ಮನುಷ್ಯನಿಗೊಂದು ಆಬ್ಜೆಕ್ಟು, ಅಭ್ಯಾಸಕ್ಕೊಂದು ಮೆಥಡ್ಡು, ಅಂದರೆ ಅದನ್ನು ಹೇಗೆ ಮಾಡಬೇಕೆಂಬ ವಿಧಾನ. ಬ್ರೌಸರಿನಲ್ಲಿ ತುಂಬಿದ ಅರ್ಜಿ ಸರ್ವರಿಗೆ ಹೋಗುತ್ತದೆ, ಅಲ್ಲಿ ಅದೂ ಒಂದು ಆಬ್ಜೆಕ್ಟಾಗಿ ಎದ್ದು ನಿಲ್ಲುತ್ತದೆ, ಅದಕ್ಕೆ ಅರ್ಹತೆ ಉಂಟೋ ಇಲ್ಲವೋ ಎಂದು ಒಂದು ಮೆಥಡ್ ಪರೀಕ್ಷೆ ಮಾಡುತ್ತದೆ. ಅರ್ಹತೆಯ ಆ ಮೆಥಡ್ ಬರೆಯುವ ಕೆಲಸ ನನ್ನ ಪಾಲಿಗೇ ಬಂತು. ‘ಹಾಲಪ್ಪನಾದರೆ ಬಿಟ್ಟುಬಿಡು’ ಎಂದು ಒಂದೇ ಒಂದು ಸಾಲು ಸೇರಿಸಿದೆ. ಮೇಡಂ ಸಂಜೆ ಕೂತು ನಾನು ಬರೆದದ್ದನ್ನೆಲ್ಲ ಓದಿ ಆ ಸಾಲನ್ನು ಅಳಿಸಿದರು.

“ಯಾಕ್ ಮೇಡಂ?”

“ಒಬ್ಬರ ಹೆಸರು ಹಾಕಿ ಬರೆದ ನಿಯಮ ನಿಯಮ ಅಲ್ಲ ಹಾಲಪ್ಪ. ನಿಮಗೆ ನಿಯಮ ತಪ್ಪು ಅನ್ನಿಸಿದರೆ ಮಾಡಿದವರ ಹತ್ತಿರ ಜಗಳ ಆಡಿ. ಕೋಡ್ ಒಳಗೆ ಕದ್ದು ಕೂರಬೇಡಿ.”

ನನಗೆ ಸಿಟ್ಟು ಬಂತು. ಆದರೆ ಮೇಡಂ ಸುಮ್ಮನಾಗುವವರಲ್ಲ. ಮರುದಿನ ಪುರಸಭೆಯ ಸಭೆಯಲ್ಲಿ ತಾವೇ ಎದ್ದುನಿಂತು, ಹತ್ತನೇ ತರಗತಿಯ ನಿಯಮ ಯಾಕೆ ಬೇಕು ಎಂದು ಅಧ್ಯಕ್ಷರನ್ನು ಕೇಳಿದರು. ಓದದವರಿಗೆ ಯಾವುದು ಅಭ್ಯಾಸ ಯಾವುದು ಸಂಸ್ಕಾರ ಗೊತ್ತಾಗುವುದಿಲ್ಲ ಎಂದು ಚಂದ್ರಮೌಳಿಯವರು ಉತ್ತರಿಸಿದರು. ಮೇಡಂ ಇನ್ನೊಂದು ಪ್ರಶ್ನೆ ಕೇಳಿದರು. ನಾನು ಬಾಗಿಲ ಹೊರಗೆ, ಬೆನ್ನು ಹಾಕಿ ನಿಂತು ಕೇಳಿಸಿಕೊಳ್ಳುತ್ತಿದ್ದೆ.

“ಸರ್, ವಹಿಯಲ್ಲಿ ಹಳೇ ಕಾಲದ ತಿದ್ದುಪಡಿಗಳು ಸಾವಿರಾರಿವೆ. ಆಗ ಈ ನಿಯಮ ಇರಲಿಲ್ಲ. ಅವನ್ನು ಪರೀಕ್ಷೆ ಇಲ್ಲದೆ ಹಾಗೇ ಸೇರಿಸಿಬಿಡಲಾ?”

“ಅದೆಂಗಾಯ್ತದಮ್ಮ? ನಿಯಮ ಅಂದ್ಮೇಲೆ ಹಳೇರು ಹೊಸೋರು ಅಂತ ಭೇದ ಉಂಟಾ? ಓದ್ದೇ ಇರೋರ ತಿದ್ದುಪಡಿ ಒಂದೂ ಉಳೀಬಾರ್ದು. ಎಲ್ಲಾನೂ ಸೋಸಿ. ನಾಳೆ ಕೆಳಗೇರಿಯೋರು ನಮ್ಗೊಂದ್ ನ್ಯಾಯ ನಿಮ್ಗೊಂದ್ ನ್ಯಾಯ ಅಂತ ಬಾಯಿ ಮಾಡ್ಬಾರ್ದು.”

“ಬರೆದುಕೊಡಿ ಸರ್,” ಎಂದರು ಮೇಡಂ. ಅವರು ಬರೆದು ಸಹಿ ಹಾಕಿ ಕೊಟ್ಟರು.

ಆಮೇಲಿನ ಆರು ವಾರ ನಾನು ಮತ್ತು ಅನಸೂಯಮ್ಮ ವಹಿಯನ್ನು ಕಂಪ್ಯೂಟರಿಗೆ ಏರಿಸಿದೆವು. ಅವರು ಓದುವುದು, ನಾನು ಒತ್ತುವುದು. ಕೊನೆಯ ವಾರ ಗೆದ್ದಲು ಮುಟ್ಟದ ಒಂದು ಹಳೆಯ ಹಾಳೆ ತೆರೆದವರೇ ಅನಸೂಯಮ್ಮ ನಗತೊಡಗಿದರು. ಕೆಟ್ಟ ಸುದ್ದಿ ಎಂದುಕೊಂಡು ನಾನು ಕಾದೆ. ಅವರು ನಗುತ್ತಲೇ ಇದ್ದರು. ಕೊನೆಗೆ ವಹಿಯನ್ನೇ ನನ್ನ ಕಡೆ ತಳ್ಳಿದರು. ‘ಗಿಡ್ಡಯ್ಯನ ಹಿರೀಮಗ ಚನ್ನಯ್ಯ. ಕುರ್ಚಿ ಕಂಡರೆ ಕೈ ಮುಗಿಯುವ ಅಭ್ಯಾಸ ರದ್ದು. ಕಾರಣ: ಕಚೇರಿಯಲ್ಲಿ ಕುರ್ಚಿಯ ಕೆಲಸ ಸಿಕ್ಕಿರುವುದು. ವಿದ್ಯೆ: ಇಲ್ಲ. ಹೆಬ್ಬೆಟ್ಟು.’ ಗಿಡ್ಡಯ್ಯ ಎಂದರೆ ನಮ್ಮ ಕೆಳಗೇರಿಯ ನಲವತ್ತು ಮನೆಗಳಿಗೂ ಮೂಲಪುರುಷ. ಅವನ ಕಿರೀಮಗನ ಸಂತಾನ ನಾವು. ಚನ್ನಯ್ಯ ಎಂದರೆ ಅಧ್ಯಕ್ಷ ಚಂದ್ರಮೌಳಿಯವರ ಮುತ್ತಾತ.

“ಇದು ಒಳ್ಳೇ ಸುದ್ದೀನೋ ಕೆಟ್ಟ ಸುದ್ದೀನೋ ಅಕ್ಕಾ?” ಎಂದೆ.

“ಅದೇ ಗೊತ್ತಾಯ್ತಿಲ್ಲ ಕಣೋ,” ಎಂದು ಅವರು ಹೊಟ್ಟೆ ಹಿಡಿದುಕೊಂಡರು. “ಹಿಂಗೂ ನಗು ಬರ್ತದೆ, ಹಂಗೂ ನಗು ಬರ್ತದೆ.”

ನಾನು ಆ ಹಾಳೆಯನ್ನು ಒಂದಕ್ಷರ ತಪ್ಪದೆ ಒತ್ತಿದೆ. ಯಾವ ಹೆಸರನ್ನೂ ಬಿಡಲಿಲ್ಲ, ಯಾವ ಹೆಸರನ್ನೂ ಸೇರಿಸಲಿಲ್ಲ. ಅರ್ಹತೆಯ ಮೆಥಡ್ ಅಧ್ಯಕ್ಷರು ಬರೆದುಕೊಟ್ಟಂತೆಯೇ ಇತ್ತು. ಜಗಳವಾಡಿ ಎಂದಿದ್ದರಲ್ಲ ಮೇಡಂ, ನಾನು ಸುಮ್ಮನಿರುವ ಮೂಲಕ ಜಗಳವಾಡಿದೆ. ಬದುಕಿನಲ್ಲಿ ನಾನು ಬಾಯಿ ಮುಚ್ಚಿಕೊಂಡಿದ್ದ ವಾರ ಅದೊಂದೇ. “ಏನಾಯ್ತು ನಿಮ್ಗೆ, ಹುಷಾರಿಲ್ವಾ?” ಎಂದು ಸಾವಂತ್ರಿ ಹಣೆ ಮುಟ್ಟಿ ನೋಡಿದಳು.

ಉದ್ಘಾಟನೆ ಪುರಭವನದಲ್ಲಿ, ಬೆಳಿಗ್ಗೆ ಹತ್ತೂವರೆಗೆ. ವೇದಿಕೆಯ ಮೇಲೆ ಗಣ್ಯರ ಕುರ್ಚಿಗಳು, ಎದುರಿಗೆ ನೆಲದ ಮೇಲೆ ಜಮಖಾನ, ಅದರ ಹಿಂದೆ ಮುನ್ನೂರು ಕುರ್ಚಿಗಳು. ಜಮಖಾನ ನಮಗೆ. ನಮ್ಮ ಕೇರಿಯವರನ್ನು ಮುಂದೆ ಕೂರಿಸುವುದು ಪ್ರತಿ ಸಮಾರಂಭದ ಪದ್ಧತಿ. ವೇದಿಕೆಯಿಂದ ನೋಡಿದರೆ ಮುಂದಿನ ಸಾಲೆಲ್ಲ ಕೈ ಮುಗಿದಿರುವುದು ಫೋಟೋದಲ್ಲಿ ಚೆನ್ನಾಗಿ ಬರುತ್ತದೆ. ಸಾವಂತ್ರಿಗೆ ದಿನ ತುಂಬಿತ್ತು. ಬೇಡವೆಂದರೂ ಬಂದು ಹಿಂದಿನ ಕುರ್ಚಿಯಲ್ಲಿ ಕೂತಿದ್ದಳು. ನಾನು ವೇದಿಕೆಯ ಮೂಲೆಯಲ್ಲಿ ಕಂಪ್ಯೂಟರಿನ ಪಕ್ಕ, ಪರದೆಗೆ ಮುಖಮಾಡಿ ನಿಂತಿದ್ದೆ. ಚಂದ್ರಮೌಳಿಯವರು ಅರ್ಧ ಗಂಟೆ ಮಾತಾಡಿ, ತಂತ್ರಜ್ಞಾನ, ಪಾರದರ್ಶಕತೆ ಎಂದೆಲ್ಲ ಹೇಳಿ, ಬಂದು ಮೌಸ್ ಒತ್ತಿದರು. ಪರದೆಯ ಮೇಲೆ ‘ಹಳೆಯ ತಿದ್ದುಪಡಿಗಳ ಪರಿಶೀಲನೆ ನಡೆಯುತ್ತಿದೆ’ ಎಂದು ಬಂದು ನಿಂತಿತು. ನಿಂತಿತು. ಆಮೇಲೆ ‘ಮುಗಿಯಿತು’ ಎಂದಿತು.

ಮೊದಲು ಶುರುವಾದದ್ದು ಹಿಂದಿನ ಸಾಲಿನಿಂದ; ನನ್ನ ಬೆನ್ನ ಹಿಂದೆ ಆದದ್ದನ್ನೆಲ್ಲ ಕಂಡವರು ಆಮೇಲೆ ಹೇಳಿದರು. ರೇಷ್ಮೆ ಸೀರೆಯುಟ್ಟ ನಿವೃತ್ತ ಹೆಡ್‌ಮಿಸ್ ಒಬ್ಬರು ಎದ್ದು ‘ಬಾ ಬಾ ಬಾ ಬಾ’ ಎಂದು ಕೋಳಿ ಕರೆಯತೊಡಗಿದರು. ಅವರ ಅಜ್ಜಿಯ ಅಭ್ಯಾಸ, ಓದು ಬರದ ತಾಯಿ ಯಾವಾಗಲೋ ರದ್ದು ಮಾಡಿಸಿದ್ದು. ಔಷಧಿ ಅಂಗಡಿಯ ಮೂವರು ಅಣ್ಣತಮ್ಮಂದಿರು ಒಟ್ಟಿಗೆ ಎಡಗಿವಿ ಎಳೆದುಕೊಂಡರು. ವೇದಿಕೆಯ ಮೇಲಿದ್ದ ಉಪಾಧ್ಯಕ್ಷರು ಮೇಜಿನ ಮೇಲಿನ ಹಾರಗಳನ್ನು ಒಂದೊಂದಾಗಿ ಮೂಸಿ ನೋಡುತ್ತಾ ಹೋದರು. ಚಂದ್ರಮೌಳಿಯವರು, “ಏನ್ರೀ ಇದು, ಏನಿದು ಗಲಾಟೆ?” ಎಂದು ಸಭೆಯ ಕಡೆ ತಿರುಗಿದರು. ಮುನ್ನೂರು ಕುರ್ಚಿ. ಅವರ ಎರಡು ಕೈಗಳೂ ಎದ್ದು ಬಂದು ಎದೆಯ ಮುಂದೆ ಟಪ್ಪನೆ ಕೂಡಿಕೊಂಡವು.

ಸಭೆ ಚಪ್ಪಾಳೆ ತಟ್ಟಿತು. ಅಧ್ಯಕ್ಷರು ಜನತೆಗೆ ವಂದಿಸುತ್ತಿದ್ದಾರೆ ಎಂದುಕೊಂಡರು. ಅವರು ಕೈ ಬಿಡಿಸಿಕೊಳ್ಳಲು ಒದ್ದಾಡಿದರು, ಭುಜ ಕುಣಿಸಿದರು, ಹಿಂದಕ್ಕೆ ತಿರುಗಿದರು. ಅಲ್ಲಿ ಗಣ್ಯರು ಕುರ್ಚಿಯಲ್ಲಿ ಕೂತಿದ್ದರು. ಅವರಿಗೂ ಕೈ ಮುಗಿದಂತಾಯಿತು. ಗಣ್ಯರು ಸಂಕೋಚದಿಂದ ತಲೆಬಾಗಿದರು. ಮೊದಲು ಗುರುತು ಹಿಡಿದದ್ದು ನಮ್ಮ ಜಮಖಾನದವರು. ಆ ಒದ್ದಾಟ ನಮಗೆ ಗೊತ್ತು. ನಮ್ಮ ಕೇರಿಯ ಹೆಂಗಸೊಬ್ಬಳು ಗಟ್ಟಿಯಾಗಿ, “ಅಯ್ಯಯ್ಯೋ, ಇದು ನಮ್ದೇ ಕಣ್ರೋ!” ಎಂದಳು.

“ಎಲ್ಲಾ ಎದ್ ನಿಂತ್ಕಳ್ರೀ!” ಎಂದು ಚಂದ್ರಮೌಳಿಯವರು ಕೂಗಿದರು. ಯಾರೂ ಏಳಲಿಲ್ಲ. ಎದ್ದಿದ್ದವರೂ ಕೂತರು. “ಅಪ್ಪಣೆ ಆಗ್ಲಿ ಅಧ್ಯಕ್ಷರೇ,” ಎಂದು ಹಿಂದಿನಿಂದ ಯಾರೋ ಗತ್ತಿನಲ್ಲಿ ಕಾಲ ಮೇಲೆ ಕಾಲು ಹಾಕಿದರು. ಅದು ಸಾವಂತ್ರಿಯ ದನಿ. ನಾನು ತಿರುಗಿ ನೋಡಲಿಲ್ಲ, ನೋಡಿದ್ದರೆ ನನ್ನ ಕೈಯೂ ಹೋಗುತ್ತಿತ್ತು.

ಅವರು ಮೇಡಂ ಕಡೆ ನುಗ್ಗಿದರು. “ತೆಗೀರಿ ಇದನ್ನ! ಈಗ್ಲೇ ತೆಗೀರಿ!”

ಮೇಡಂ ನಿಂತೇ ಇದ್ದರು. “ಸರ್, ಎರಡು ದಾರಿ ಇದೆ. ನಿಮ್ಮ ಮುತ್ತಾತನವರ ತಿದ್ದುಪಡಿಯನ್ನು ಮತ್ತೆ ಹಾಕಬಹುದು. ಅದಕ್ಕೆ ಅವರ ಹತ್ತನೇ ತರಗತಿಯ ಅಂಕಪಟ್ಟಿ ಬೇಕು.”

“ಅವ್ರು ಸತ್ತು ತೊಂಬತ್ತೊರ್ಷ ಆಗೈತೆ!”

“ಎರಡನೇದು, ಮೂಲದಲ್ಲೇ ತಿದ್ದೋದು. ಗಿಡ್ಡಯ್ಯ ಅನ್ನೋ ಕ್ಲಾಸಿನಲ್ಲೇ ಅಭ್ಯಾಸ ತೆಗೆದುಬಿಟ್ಟರೆ ಕೆಳಗಿನ ಎಲ್ಲರಿಗೂ ಹೋಗುತ್ತೆ. ನಿಮಗೂ. ಆದರೆ ಮೂಲದ ತಿದ್ದುಪಡಿಗೆ ವಂಶದಲ್ಲಿ ಬದುಕಿರೋ ಹಿರಿಯರೇ ಅರ್ಜಿ ಹಾಕಬೇಕು.”

“ಯಾರದು?”

ಅನಸೂಯಮ್ಮ ಬೆರಳು ಮಡಿಸಿ ಲೆಕ್ಕ ಹಾಕಿದರು. “ಕೆಳಗೇರಿ ಸಣ್ಣೀರಪ್ಪ, ಸಾರ್. ವರಸೇಲಿ ನಿಮ್ಗೆ ದೊಡ್ಡಪ್ಪ ಆಗ್ಬೇಕು,” ಎಂದು ಹೇಳಿ ಸೆರಗು ಬಾಯಿಗಿಟ್ಟುಕೊಂಡರು. ಅಧ್ಯಕ್ಷರ ಮಟ್ಟಿಗೆ ಅದು ಕೆಟ್ಟ ಸುದ್ದಿ.

“ಸಣ್ಣೀರಪ್ಪನೂ ಹತ್ತನೇದು ಓದಿಲ್ಲ ಸಾರ್,” ಎಂದೆ ನಾನು. “ನಿಯಮ ಅಂದ್ರೆ ನಿಯಮ.”

ಅವರು ನನ್ನನ್ನು ನುಂಗುವಂತೆ ನೋಡಿದರು. ಕೈ ಮುಗಿದುಕೊಂಡು ನುಂಗುವಂತೆ ನೋಡಿದರೆ ಹೇಗಿರುತ್ತದೆ ಎಂದು ಎದುರಿನಿಂದ ನೋಡಿದ್ದು ನನಗೆ ಅದೇ ಮೊದಲು. ಇಷ್ಟು ವರ್ಷ ನಾನು ಅದನ್ನು ಒಳಗಿನಿಂದ ಮಾತ್ರ ಬಲ್ಲೆ. ಬೇರೆ ದಾರಿಯಿಲ್ಲದೆ ಅವರು ಹೂಂ ಎಂದ ಮೇಲೆ, ಹತ್ತನೇ ತರಗತಿಯ ನಿಯಮ ರದ್ದು ಎಂದು ಅನಸೂಯಮ್ಮ ಒಂದು ಹಾಳೆಯಲ್ಲಿ ಬರೆದರು. ನಾನು ಸಭೆಗೆ ಬೆನ್ನು ಹಾಕಿಯೇ ಅದನ್ನು ಮೈಕಿನಲ್ಲಿ ಎರಡು ಸಲ ಓದಿದೆ, ಯಾರೂ ಆಮೇಲೆ ಕದ್ದು ಬರೆಸಿಕೊಂಡರು ಎನ್ನಬಾರದಲ್ಲ. ಆದರೆ ಸಹಿ ಹಾಕುವುದು ಹೇಗೆ? ಪೆನ್ನು ಕೊಟ್ಟರೆ ಬಿತ್ತು. ಮತ್ತೆ ಕೊಟ್ಟರೆ ಮತ್ತೆ ಬಿತ್ತು. ಮೂರನೇ ಸಲ ನಾನು ಎತ್ತಿಕೊಡಲಿಲ್ಲ. ಹೇಳಿಕೊಡುವ ಮನಸ್ಸು ನನಗಿರಲಿಲ್ಲ, ಇನ್ನೂ ಒಂದು ಗಂಟೆ ಅದು ಬೀಳಲಿ ಎಂದಿತ್ತು.

ಜಮಖಾನದಿಂದ ನಮ್ಮಪ್ಪ ಎದ್ದರು. ಅರವತ್ತೆಂಟು ವರ್ಷ, ಮುಗಿದ ಕೈ ಮುಗಿದಂತೆಯೇ ವೇದಿಕೆಯ ಮೆಟ್ಟಿಲು ಹತ್ತಿದರು. ಇಬ್ಬರೂ ಕೈ ಮುಗಿದುಕೊಂಡು ಎದುರುಬದುರು ನಿಂತರು. ಫೋಟೋದವನು ಓಡಿಬಂದ.

“ಕಣ್ ಮುಚ್ಕಳಿ ಸ್ವಾಮಿ,” ಎಂದರು ಅಪ್ಪ ಮೆಲ್ಲಗೆ. “ಕಣ್ ಮುಚ್ಕಂಡ್ರೆ ಬಿಡ್ತವೆ. ನಾವು ಉಂಬದೇ ಹಂಗೆ, ಮದ್ವೆ ಮನೇಲಿ.”

ಚಂದ್ರಮೌಳಿಯವರು ಕಣ್ಣು ಮುಚ್ಚಿದರು. ಕೈ ಬಿಟ್ಟವು. ನಾನು ಪೆನ್ನು ಹಿಡಿಸಿ ಹಾಳೆಯ ಮೇಲೆ ಜಾಗ ತೋರಿಸಿದೆ, ಅವರು ಕುರುಡಾಗಿ ಸಹಿ ಹಾಕಿದರು. ಮೇಡಂ ಓದಿ ನೋಡಿ ತಲೆಯಾಡಿಸಿದರು. ನಾನು ಅರ್ಹತೆಯ ಮೆಥಡ್‌ನಿಂದ ಆ ಸಾಲನ್ನು ಅಳಿಸಿದೆ. ಕೋಳಿ ಕರೆಯುತ್ತಿದ್ದ ಹೆಡ್‌ಮಿಸ್ ಕೂತರು. ಅಧ್ಯಕ್ಷರೂ ಆಗಲೇ ಬಿಡುಗಡೆಯಾದರು; ಅವರ ಮುತ್ತಾತನ ಹೆಬ್ಬೆಟ್ಟು ಮತ್ತೆ ಊರ್ಜಿತವಾಗಿತ್ತು. ಅವರು ಅದನ್ನು ತಿಳಿಯುವ ಮೊದಲೇ ನಾನು ಫಾರಂ ತೆರೆದು ಅಪ್ಪನ ಕಡೆ ತಿರುಗಿಸಿದ್ದೆ. ಅರ್ಜಿದಾರ, ಸಣ್ಣೀರಪ್ಪ. ಅಭ್ಯಾಸ, ಕುರ್ಚಿ ಕಂಡರೆ ಕೈ ಮುಗಿಯುವುದು. ಮಟ್ಟ, ಮೂಲ. ಒಂದು ಗುಂಡಿ ಒತ್ತಿದರೆ ನಲವತ್ತು ಮನೆ.

ಅಪ್ಪ ಒತ್ತಲಿಲ್ಲ.

“ಒತ್ತಪ್ಪೋ,” ಎಂದೆ.

“ಅಲ್ಲ ಕಣ್ಲಾ ಹಾಲ,” ಎಂದರು ಅಪ್ಪ, “ಇದು ಹೋದ್ಮೇಲೆ ನಾನು ಕೈ ಎಲ್ಲಿಕ್ಲಿ?”

ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ಬೈಯಬೇಕೆಂದು ಬಾಯಿ ತೆರೆದೆ. ಮುದುಕ ತಮಾಷೆ ಮಾಡುತ್ತಿರಲಿಲ್ಲ. ನಿಜವಾಗಿಯೂ ಕೇಳುತ್ತಿದ್ದರು. ಅರವತ್ತೆಂಟು ವರ್ಷ ಕುರ್ಚಿ ಕಂಡಾಗಲೆಲ್ಲ ಎದೆಯ ಮುಂದೆ ಇದ್ದ ಕೈಗಳು ನಾಳೆಯಿಂದ ಎಲ್ಲಿರಬೇಕು ಎಂದು ಅವರಿಗೆ ಗೊತ್ತಿರಲಿಲ್ಲ. ಅಷ್ಟರಲ್ಲಿ ಸಾವಂತ್ರಿ ಹೊಟ್ಟೆ ಹೊತ್ತುಕೊಂಡು, ಮೆಟ್ಟಿಲು ಎಣಿಸುತ್ತಾ ವೇದಿಕೆ ಹತ್ತಿದ್ದಳು. “ಐದು,” ಎಂದು ಮುಗಿಸಿ, “ಮಾವ, ಮಗಾ ಹುಟ್ಟಿದ್ಮೇಲೆ ಎತ್ಕಳೋರು ಯಾರು? ನಾನೊಬ್ಳೇನಾ?” ಎಂದಳು. ಅಪ್ಪ ಅವಳ ಹೊಟ್ಟೆಯ ಕಡೆ ನೋಡಿದರು. “ಅದೂ ಸರಿ,” ಎಂದು ಕಣ್ಣು ಮುಚ್ಚಿಕೊಂಡು, ಬಿಡುಗಡೆಯಾದ ಬೆರಳಿನಿಂದ ಗುಂಡಿ ಒತ್ತಿದರು. ಆಮೇಲೆ ಕಣ್ಣು ಬಿಟ್ಟು ಮುನ್ನೂರು ಕುರ್ಚಿಗಳನ್ನು ಒಂದೊಂದಾಗಿ ನೋಡಿದರು. ಜಮಖಾನದ ಮೇಲೆ ಯಾರೂ ಕೈ ಮುಗಿದಿರಲಿಲ್ಲ. ಎಷ್ಟೋ ಜನ ತಮ್ಮ ಅಂಗೈಗಳನ್ನು ತಿರುಗಿಸಿ ತಿರುಗಿಸಿ ನೋಡಿಕೊಳ್ಳುತ್ತಿದ್ದರು. ಒಬ್ಬಳು ಸುಮ್ಮನೆ ತಲೆ ತುರಿಸಿಕೊಂಡಳು. ಅದನ್ನು ನೋಡಿ ಪಕ್ಕದವಳೂ ತುರಿಸಿಕೊಂಡಳು. ಚಂದ್ರಮೌಳಿಯವರು ಯಾವಾಗ ಜೀಪು ಹತ್ತಿದರೋ ಯಾರಿಗೂ ಗೊತ್ತಾಗಲಿಲ್ಲ.

ಆರನೇ ದಿನ ಬೆಳಿಗ್ಗೆ ಸಾವಂತ್ರಿಗೆ ಹೆರಿಗೆಯಾಯಿತು. ಹೆಣ್ಣುಮಗು. ನರ್ಸು ರೂಢಿಯಂತೆ ಕುರ್ಚಿ ಎಳೆದುಕೊಂಡು ತೊಟ್ಟಿಲ ಪಕ್ಕ ಕೂತಳು. ಡಾಕ್ಟರೂ ಕುತೂಹಲಕ್ಕೆ ಇನ್ನೊಂದು ಕುರ್ಚಿ ಹಾಕಿಕೊಂಡರು. ಮಗುವಿನ ಒಂದು ಕೈ ಬಾಯಲ್ಲಿತ್ತು, ಇನ್ನೊಂದು ಗಾಳಿಯಲ್ಲಿ ಏನನ್ನೋ ಹಿಡಿದು ಎಳೆಯುತ್ತಿತ್ತು. ಎರಡೂ ಹತ್ತಿರ ಬರಲಿಲ್ಲ. ಅಪ್ಪ ಎತ್ತಿಕೊಳ್ಳಲು ಬಗ್ಗಿದರು. ಆಗ ಅದು ಅರೆಬಿಟ್ಟ ಕಣ್ಣನ್ನು ಪೂರ್ತಿ ಬಿಟ್ಟಿತು, ಹುಬ್ಬು ಗಂಟು ಹಾಕಿ, ಮೂಗಿನ ಹೊಳ್ಳೆ ಅರಳಿಸಿ, ಡಾಕ್ಟರನ್ನು ಎಂಥ ನೋಟ ನೋಡಿತೆಂದರೆ ಅವರು ಗಾಬರಿಯಾಗಿ ಎದ್ದು ನಿಂತರು.

“ಇದ್ಯಾರ್ದು ಅಂತ ಕೇಳ್ಲೇಬೇಡಿ,” ಎಂದಳು ಸಾವಂತ್ರಿ ಮಲಗಿದ್ದಲ್ಲಿಂದ. “ಹೋಗ್ರೀ, ಹೋಗಿ ನಿಮ್ ಸಿಟ್ಟಿಗೂ ಒಂದರ್ಜಿ ಹಾಕ್ ಬರ್ರಿ. ಈಗ್ಲೇ ತಿದ್ಸಿದ್ರೆ ಇದ್ಕೂ ಹೋಯ್ತದೆ. ಇಲ್ಲಾಂದ್ರೆ ನಾನು ಇಬ್ರ ಜೊತೆ ಏಗಬೇಕು.”

ಅವಳು ಹೇಳಿದ್ದು ನ್ಯಾಯವೇ. ಕಚೇರಿಗೆ ಹೋಗಿ ಫಾರಂ ತೆರೆದೆ. ಅರ್ಜಿದಾರ, ಹಾಲಪ್ಪ. ಅಭ್ಯಾಸ, ಸಿಟ್ಟು. ಮುಂದಿನದು ಕಾರಣ, ಯಾತಕ್ಕೆ ರದ್ದಾಗಬೇಕು ಎಂಬುದು. ಆ ಖಾನೆ ಖಾಲಿ ಬಿಟ್ಟರೆ ಅರ್ಜಿ ಮುಂದಕ್ಕೆ ಹೋಗದಂತೆ ಬರೆದವನು ನಾನೇ. ಒಂದು ಗಂಟೆ ಕೂತೆ. ಎರಡು ಸಲ ಏನೋ ಒತ್ತಿ ಅಳಿಸಿದೆ. ಅನಸೂಯಮ್ಮ ಚಹಾ ತಂದಿಟ್ಟು, ಪರದೆ ನೋಡಿ ಹೋದರು. ಕಿಟಕಿಯಾಚೆ ಕೆಳಗೇರಿಯ ನಲ್ಲಿಯ ಮುಂದೆ ಖಾಲಿ ಬಿಂದಿಗೆಗಳ ಸಾಲು ಕಾಣುತ್ತಿತ್ತು. ಬ್ರೌಸರ್ ಮುಚ್ಚಿ ಆಸ್ಪತ್ರೆಗೆ ವಾಪಸ್ ಬಂದೆ.

“ಹಾಕುದ್ರಾ?” ಎಂದಳು ಸಾವಂತ್ರಿ.

“ಸರ್ವರ್ ಕೆಟ್ಟೋಗೈತೆ,” ಎಂದೆ.

ಅಪ್ಪನ ಕೈಯಲ್ಲಿದ್ದ ಮಗು ನನ್ನ ಕಡೆ ತಿರುಗಿ ಹುಬ್ಬು ಗಂಟು ಹಾಕಿತು.